ವೆಂಡರ್ ಅಪ್‌ಡೇಟ್ ಬೇಡ ಅಂದ್ರೆ ಆಸ್ಪತ್ರೆಯ ಹಳೇ ವಿಂಡೋಸ್ ಮಷೀನ್‌ನ ಹೇಗೆ ಕಾಪಾಡ್ಕೋಬೇಕು

ಸ್ಕ್ಯಾನಿಂಗ್ ಸೆಂಟರ್, ಲ್ಯಾಬ್, ನರ್ಸಿಂಗ್ ಹೋಮ್ ಎಲ್ಲಿ ನೋಡಿದ್ರೂ ಸಿಟಿ ಮಷೀನ್‌ಗೋ ಬ್ಲಡ್ ಅನಲೈಸರ್‌ಗೋ ಜೋಡಿಸಿರೋ ಕಂಪ್ಯೂಟರ್ ಇನ್ನೂ ವಿಂಡೋಸ್ 7ನಲ್ಲೇ ಓಡ್ತಿರುತ್ತೆ, ಕೆಲವು ಕಡೆ ಎಕ್ಸ್‌ಪಿ ಕೂಡ ಇದೆ. ಯಾಕೆ ಅಂತ ಕೇಳಿದ್ರೆ ಕಂಪನಿಯವ್ರು ಅಪ್‌ಡೇಟ್ ಮಾಡ್ಬೇಡಿ ಅಂದಿದಾರೆ, ಮಾಡಿದ್ರೆ ವಾರಂಟಿ ಹೋಗುತ್ತೆ, ಎಎಂಸಿನೂ (ವರ್ಷದ ಮೇಂಟೆನೆನ್ಸ್ ಒಪ್ಪಂದ) ಹೋಗುತ್ತೆ ಅಂತಾರೆ. ಅದರಲ್ಲಿ ಅರ್ಥ ಇದೆ. ಸಾಫ್ಟ್‌ವೇರ್, ಇಮೇಜ್ ಹಿಡಿಯೋ ಕಾರ್ಡ್, ಅದರ ಡ್ರೈವರ್, ವಿಂಡೋಸ್ ವರ್ಷನ್ ಎಲ್ಲಾ ಸೇರಿಸಿ ಒಂದೇ ಸಾಧನ ಅಂತ ಟೆಸ್ಟ್ ಮಾಡಿ ಸರ್ಟಿಫೈ ಮಾಡಿರ್ತಾರೆ. ಆದ್ರೆ ಇದನ್ನ ಕೇಳ್ಕೊಂಡು ಜನ ಒಂದೋ ಕಂಪ್ಯೂಟರ್ ಅಂಗಡಿ ಹುಡುಗನ್ನ ಕರೆಸಿ ಕಂಪನಿಗೆ ಹೇಳ್ದೆ ಹೊಸ ವಿಂಡೋಸ್ ಹಾಕಿಸ್ತಾರೆ, ಇಲ್ಲಾಂದ್ರೆ ಮುಟ್ಟಲೇಬಾರದು ಅಂತ ಬಿಲ್ಲಿಂಗ್ ಕಂಪ್ಯೂಟರ್ ಇರೋ ಸ್ವಿಚ್‌ಗೇ ಅದನ್ನೂ ಚುಚ್ಚಿ ವರ್ಷಗಟ್ಲೆ ಬಿಟ್ಬಿಡ್ತಾರೆ. ಎರಡೂ ತಪ್ಪು. ಸರ್ಟಿಫಿಕೇಟ್ ಅನ್ವಯ ಆಗೋದು ಕಂಪ್ಯೂಟರ್ ಒಳಗಿರೋದಕ್ಕೆ, ಸುತ್ತ ಇರೋ ನೆಟ್‌ವರ್ಕ್ ನಮ್ಮದೇ, ಅದನ್ನ ಸರಿಮಾಡೋಕೆ ಯಾರ ಅನುಮತಿನೂ ಬೇಡ.

1. ಯಾವ ವರ್ಷನ್ ಅಂತ ನೋಡಿ. ರನ್ ಬಾಕ್ಸ್‌ನಲ್ಲಿ ವಿನ್‌ವರ್ (winver) ಅಂತ ಟೈಪ್ ಮಾಡಿದ್ರೆ ಸಾಕು. ಎಕ್ಸ್‌ಪಿ ಸಪೋರ್ಟ್ 2014ರ ಏಪ್ರಿಲ್ 8ಕ್ಕೆ ನಿಂತಿದೆ, ವಿಂಡೋಸ್ 7ದು 2020ರ ಜನವರಿ 14ಕ್ಕೆ, ಸಾಮಾನ್ಯ ವಿಂಡೋಸ್ 10ದು 2025ರ ಅಕ್ಟೋಬರ್ 14ಕ್ಕೆ. ಆದ್ರೆ ವಿಂಡೋಸ್ 10 ಅಂತ ಕಂಡ ತಕ್ಷಣ ಗಾಬರಿ ಆಗ್ಬೇಡಿ, ಅಲ್ಲಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ, ವರ್ಷನ್ 1809 ಅಂತ ಇದ್ರೆ ಅದು ಹೆಚ್ಚು ವರ್ಷ ಸಪೋರ್ಟ್ ಇರೋ ಎಲ್‌ಟಿಎಸ್‌ಸಿ 2019, ಅದಕ್ಕೆ 2029ರ ಜನವರಿವರೆಗೂ ಪ್ಯಾಚ್ (ದೋಷ ಸರಿಪಡಿಸೋ ಅಪ್‌ಡೇಟ್) ಬರುತ್ತೆ.

2. ವೆಂಡರ್ ಹತ್ರ ಇಮೇಲ್‌ನಲ್ಲೇ ಉತ್ತರ ತಗೊಳ್ಳಿ. ಸರ್ವಿಸ್ ಇಂಜಿನಿಯರ್ ಫೋನ್‌ನಲ್ಲಿ ಹೇಳಿದ್ದು ನಾಳೆ ಲೆಕ್ಕಕ್ಕೆ ಬರಲ್ಲ. ಯಾವ ಪ್ಯಾಚ್ ಟೆಸ್ಟ್ ಮಾಡಿದೀರ, ಯಾವ ಆಂಟಿವೈರಸ್ ಹಾಕ್ಬಹುದು, ಮಷೀನ್‌ಗೆ ಯಾವ ಯಾವ ಪೋರ್ಟ್ (ನೆಟ್‌ವರ್ಕ್‌ನಲ್ಲಿ ಮಾತಾಡೋ ಬಾಗಿಲಿನ ನಂಬರ್) ಬೇಕು ಅಂತ ಕೇಳಿ. ಎಂಡಿಎಸ್2 ಅನ್ನೋ ಫಾರ್ಮ್ ಕೊಡಿ ಅಂತನೂ ಕೇಳಿ, ಸೆಕ್ಯುರಿಟಿ ವಿವರ ತುಂಬಿರೋ ಈ ಫಾರ್ಮ್ ದೊಡ್ಡ ಕಂಪನಿಗಳ ಹತ್ರ ಸಾಮಾನ್ಯವಾಗಿ ರೆಡಿ ಇರುತ್ತೆ, ನಾವು ಕೇಳಲ್ಲ ಅಷ್ಟೇ. ಪ್ರತಿ ಪ್ಯಾಚ್‌ಗೂ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡೋ ಸಂಸ್ಥೆ) ಪರ್ಮಿಷನ್ ಬೇಕು ಸಾರ್ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ, ಬರೀ ಸೈಬರ್ ಸುರಕ್ಷತೆಗೋಸ್ಕರ ಮಾಡೋ ಬದಲಾವಣೆಗೆ ಸಾಮಾನ್ಯವಾಗಿ ಮತ್ತೆ ಪರಿಶೀಲನೆ ಬೇಕಿಲ್ಲ ಅಂತ ಎಫ್‌ಡಿಎನೇ ಹೇಳಿದೆ.

3. ಡಿಸ್ಕ್ ಇಮೇಜ್, ಅಂದ್ರೆ ಇಡೀ ಡಿಸ್ಕ್‌ನ ನಕಲು, ತೆಗೆದಿಡಿ. ಮೇಂಟೆನೆನ್ಸ್‌ಗೆ ಇಂಜಿನಿಯರ್ ಬಂದಾಗ ಅವರ ಎದುರಲ್ಲೇ ಕ್ಲೋನ್‌ಜಿಲ್ಲಾ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಇಮೇಜ್ ಮಾಡಿ, ಬೇರೆ ಡಿಸ್ಕ್‌ಗೆ ರಿಸ್ಟೋರ್ ಮಾಡಿ ಮಷೀನ್ ಆನ್ ಆಗುತ್ತಾ ಅಂತ ಅವತ್ತೇ ನೋಡ್ಕೊಳ್ಳಿ.

4. ನೆಟ್‌ವರ್ಕ್ ಬೇರೆ ಮಾಡಿ. ಎಲ್ಲರೂ ಎಡವೋದು ಇಲ್ಲೇ. ಗೇಟ್‌ವೇ ಅಡ್ರೆಸ್ (ಹೊರಗಿನ ನೆಟ್‌ವರ್ಕ್‌ಗೆ ಹೋಗೋ ದಾರಿ) ತೆಗೆದ್ಬಿಟ್ರೆ ಇಂಟರ್ನೆಟ್ ಇರಲ್ಲ, ಸೇಫ್ ಅಂದ್ಕೊಳ್ತಾರೆ. ಆದ್ರೆ 2017ರ ಮೇನಲ್ಲಿ ಬಂದ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಹರಡಿದ್ದು ವಿಂಡೋಸ್ ಫೈಲ್ ಶೇರಿಂಗ್‌ನ 445ನೇ ಪೋರ್ಟ್ ಮೂಲಕ, ಒಳಗಿನ ಒಂದು ಕಂಪ್ಯೂಟರ್‌ಗೆ ಬಂದ್ರೆ ಅದೇ ಲ್ಯಾನ್‌ನಲ್ಲಿರೋ ಪ್ಯಾಚ್ ಇಲ್ಲದ ಮಷೀನ್‌ಗೆಲ್ಲಾ ಹೋಗ್ತಿತ್ತು, ಅವಕ್ಕೆ ಇಂಟರ್ನೆಟ್ ಇರ್ಬೇಕು ಅಂತೇನಿಲ್ಲ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಅವತ್ತು ರೋಗಿಗಳನ್ನ ವಾಪಸ್ ಕಳಿಸ್ಬೇಕಾಯ್ತು. 2022ರ ನವೆಂಬರ್‌ನಲ್ಲಿ ದಿಲ್ಲಿ ಏಮ್ಸ್ ಸರ್ವರ್‌ಗಳಿಗೆ ದಾಳಿ ಆದಾಗ್ಲೂ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಕಾರಣ ನೆಟ್‌ವರ್ಕ್ ಸರಿಯಾಗಿ ವಿಂಗಡಿಸಿರಲಿಲ್ಲ ಅಂತಾನೇ.

ಇನ್ನು ಕೆಲವರು ಬೇರೆ ಸ್ವಿಚ್ ಹಾಕ್ತಾರೆ, ಆಮೇಲೆ ರಿಪೋರ್ಟ್ ಪ್ರಿಂಟ್ ಆಗ್ತಿಲ್ಲ ಅಂತ ಅದೇ ಕಂಪ್ಯೂಟರ್‌ಗೆ ಎರಡನೇ ಲ್ಯಾನ್ ಕಾರ್ಡ್ ಹಾಕಿ ಆಫೀಸ್ ಕೇಬಲ್ ಚುಚ್ಚಿ ಮಾಡಿದ್ದೆಲ್ಲಾ ವೇಸ್ಟ್ ಮಾಡ್ತಾರೆ. ಮನೆಗೆ ಹಾಕೋ ವೈಫೈ ರೂಟರ್ ಮಧ್ಯ ಇಡೋದೂ ಬೇಡ, ಅದು ಹೊರಗಿಂದ ಒಳಗೆ ತಡೆಯುತ್ತೆ ಅಷ್ಟೇ, ಒಳಗಿಂದ ಎಲ್ಲಿಗೆ ಬೇಕಾದ್ರೂ ಹೋಗೋಕೆ ಬಿಡುತ್ತೆ. ನನ್ನ ಸಲಹೆ ಓಪಿಎನ್‌ಸೆನ್ಸ್ (OPNsense) ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್, ದುಡ್ಡು ಕೊಡ್ಬೇಕಿಲ್ಲ, ಎರಡು ಲ್ಯಾನ್ ಕಾರ್ಡ್ ಇರೋ ಒಂದು ಚಿಕ್ಕ ಪಿಸಿ ಇದ್ರೆ ಆಯ್ತು.

ಈಗ ರೂಲ್‌ಗಳು. ಸಿಟಿ ಕನ್ಸೋಲ್‌ನ (ಸಿಟಿ ಮಷೀನ್‌ಗೆ ಜೋಡಿಸಿರೋ ಕಂಪ್ಯೂಟರ್) ಪ್ರತ್ಯೇಕ ವಿಲ್ಯಾನ್‌ಗೆ, ಅಂದ್ರೆ ಸ್ವಿಚ್‌ನಲ್ಲೇ ಬೇರೆ ಮಾಡಿದ ನೆಟ್‌ವರ್ಕ್‌ಗೆ, ಹಾಕಿ, ಫೈರ್‌ವಾಲ್‌ನಲ್ಲಿ ಮೊದ್ಲು ಏನನ್ನೂ ತಡೀಬೇಡಿ, ಬರೀ ಲಾಗ್ ಆನ್ ಮಾಡಿ ಒಂದು ವಾರ ಬಿಡಿ. ಮಷೀನ್ ಯಾರ್ ಯಾರ ಜೊತೆ ಮಾತಾಡುತ್ತೆ ಅಂತ ಅದೇ ತೋರಿಸುತ್ತೆ. ಆಮೇಲೆ ಎಲ್ಲಾ ಮುಚ್ಚಿ ಬೇಕಾದ್ದು ಮಾತ್ರ ತೆಗೀರಿ: ಕನ್ಸೋಲ್‌ನಿಂದ ಪ್ಯಾಕ್ಸ್ ಸರ್ವರ್‌ಗೆ (ಸ್ಕ್ಯಾನ್ ಇಮೇಜ್‌ಗಳನ್ನ ಇಟ್ಕೊಳ್ಳೋ ಸರ್ವರ್) ಡೈಕಾಮ್ (ಇಮೇಜ್ ಕಳಿಸೋ ಸ್ಟ್ಯಾಂಡರ್ಡ್) ಪೋರ್ಟ್, ಸಾಮಾನ್ಯವಾಗಿ 104 ಇಲ್ಲಾ 11112, ಆಮೇಲೆ ರೋಗಿಗಳ ವರ್ಕ್‌ಲಿಸ್ಟ್ ತರೋ ಸರ್ವರ್‌ಗೆ ಒಂದು, ಫಿಲ್ಮ್ ಪ್ರಿಂಟರ್ ಇದ್ರೆ ಅದಕ್ಕೊಂದು.

ಇಷ್ಟಾದ್ಮೇಲೆ ಇಮೇಜ್ ಹೋಗ್ತಿದೆ, ಎಲ್ಲಾ ಸರಿ ಇದೆ ಅಂತ ಮನೆಗೆ ಹೋಗ್ತಾರೆ, ಕೆಲವು ದಿನ ಆದ್ಮೇಲೆ ಕನ್ಸೋಲ್ ಡಿಸ್ಕ್ ಫುಲ್ ಅಂತ ಫೋನ್ ಬರುತ್ತೆ. ಯಾಕಂದ್ರೆ ಇಮೇಜ್ ಕಳಿಸಿದ್ಮೇಲೆ ಕನ್ಸೋಲ್ ಇದನ್ನ ಭದ್ರವಾಗಿ ಇಟ್ಕೊಂಡ್ರಾ ಅಂತ ಪ್ಯಾಕ್ಸ್‌ಗೆ ಕೇಳುತ್ತೆ, ಇದಕ್ಕೆ ಸ್ಟೋರೇಜ್ ಕಮಿಟ್‌ಮೆಂಟ್ ಅಂತಾರೆ, ಅದರ ಉತ್ತರ ಎಷ್ಟೋ ಪ್ಯಾಕ್ಸ್‌ಗಳಲ್ಲಿ ಹೊಸ ಕನೆಕ್ಷನ್ ಆಗಿ ಪ್ಯಾಕ್ಸ್ ಕಡೆಯಿಂದ ಕನ್ಸೋಲ್‌ಗೆ ಬರುತ್ತೆ. ಆ ದಿಕ್ಕು ಮುಚ್ಚಿದ್ರೆ ಉತ್ತರ ತಲುಪಲ್ಲ, ಇಮೇಜ್ ಆರ್ಕೈವ್ ಆಗಿಲ್ಲ ಅಂದ್ಕೊಂಡು ಕನ್ಸೋಲ್ ಯಾವುದನ್ನೂ ತಾನಾಗೇ ಡಿಲೀಟ್ ಮಾಡಲ್ಲ. ಹಾಗಾಗಿ ಪ್ಯಾಕ್ಸ್‌ನ ಆ ಒಂದು ಐಪಿಯಿಂದ ಕನ್ಸೋಲ್‌ನ ಡೈಕಾಮ್ ಪೋರ್ಟ್‌ಗೆ ವಾಪಸ್ ದಾರಿನೂ ತೆಗೀರಿ, ಆದ್ರೆ ಅದೊಂದೇ. ಯಾವುದೋ ಕೆಲಸ ಆಗ್ತಿಲ್ಲ ಅಂತ ಟೆಂಪರರಿಯಾಗಿ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಬಿಡೋ ಎನಿ ಟು ಎನಿ ರೂಲ್ ಹಾಕೋಕೆ ಹೋಗ್ಬೇಡಿ, ಅದನ್ನ ಆಮೇಲೆ ಯಾರೂ ತೆಗೆಯಲ್ಲ.

ಗಡಿಯಾರನೂ ನೋಡ್ಕೊಳ್ಳಿ. ಹೊರಗಿನ ಟೈಮ್ ಸರ್ವರ್ ಸಿಗದೇ ಇದ್ರೆ ಕಂಪ್ಯೂಟರ್ ಟೈಮ್ ನಿಧಾನಕ್ಕೆ ಜಾರುತ್ತೆ, ಸ್ಕ್ಯಾನ್ ಮೇಲೆ ತಪ್ಪು ಸಮಯ ಬೀಳುತ್ತೆ, ಪೊಲೀಸ್ ಕೇಸ್ ಇರೋ ರೋಗಿಯ ರಿಪೋರ್ಟ್‌ನಲ್ಲಿ ಇದು ದೊಡ್ಡ ತಲೆನೋವು. ಫೈರ್‌ವಾಲ್‌ನೇ ಟೈಮ್ ಸರ್ವರ್ ಮಾಡಿ 123ನೇ ಪೋರ್ಟ್ ಕೊಡಿ.

ಕೊನೆಗೆ ಟೆಸ್ಟ್. ಪಿಂಗ್ ಬರ್ತಿಲ್ಲ ಅಂದ್ರೆ ಮುಚ್ಚಿದೆ ಅಂತಲ್ಲ. ಬಿಲ್ಲಿಂಗ್ ಕಂಪ್ಯೂಟರ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು ಕನ್ಸೋಲ್‌ನ 445, 139 (ಫೈಲ್ ಶೇರಿಂಗ್), 3389 (ರಿಮೋಟ್ ಡೆಸ್ಕ್‌ಟಾಪ್) ಪೋರ್ಟ್‌ಗಳನ್ನ ಒಂದೊಂದಾಗಿ ನೋಡಿ, ಮೂರೂ ಫಾಲ್ಸ್ ಬರ್ಬೇಕು. ರೋಗಿ ಟೇಬಲ್ ಮೇಲಿರೋವಾಗ ಎನ್‌ಮ್ಯಾಪ್ ಥರದ ನೆಟ್‌ವರ್ಕ್ ಸ್ಕ್ಯಾನರ್ ಮಾತ್ರ ಓಡಿಸ್ಲೇಬೇಡಿ, ಹಳೇ ಸಾಫ್ಟ್‌ವೇರ್ ಅಷ್ಟಕ್ಕೇ ಹ್ಯಾಂಗ್ ಆಗ್ಬಹುದು.

ಲ್ಯಾಬ್‌ನವ್ರಿಗೆ ಒಂದು ಮಾತು, ನಿಮ್ಮ ಅನಲೈಸರ್ ಸೀರಿಯಲ್ ಕೇಬಲ್‌ನಲ್ಲಿ ರಿಸಲ್ಟ್ ಕಳಿಸ್ತಿದ್ರೆ ಹಾಗೇ ಇರ್ಲಿ, ಹಳೇದು ಅಂತ ಲ್ಯಾನ್‌ಗೆ ಬದಲಾಯಿಸ್ಬೇಡಿ, ಆ ಕೇಬಲ್‌ನಲ್ಲಿ ರಾನ್ಸಮ್‌ವೇರ್ ಹರಡಲ್ಲ.

5. ಪೆನ್‌ಡ್ರೈವ್, ಶೇರ್ಡ್ ಫೋಲ್ಡರ್, ರಿಮೋಟ್. ಡಾಕ್ಟರ್‌ಗೆ ಇಮೇಜ್ ಕೊಡೋಕೆ ಕನ್ಸೋಲ್‌ನ ಸಿ ಡ್ರೈವ್ ಶೇರ್ ಮಾಡಿದ್ರೆ ಇವತ್ತೇ ತೆಗೀರಿ, ಪ್ಯಾಕ್ಸ್‌ನಿಂದ ಕೊಡಿ. ಪೆನ್‌ಡ್ರೈವ್ ಮೊದ್ಲು ಅಪ್‌ಡೇಟ್ ಇರೋ ಬೇರೆ ಕಂಪ್ಯೂಟರ್‌ನಲ್ಲಿ ಚೆಕ್ ಆಗ್ಲಿ. ವೆಂಡರ್‌ನ ರಿಮೋಟ್ ಸಪೋರ್ಟ್ ದಾರಿ ಯಾವಾಗ್ಲೂ ತೆರೆದಿಡೋದು ಬೇಡ, ಅವ್ರು ಫೋನ್ ಮಾಡಿದಾಗ ರೂಲ್ ಆನ್ ಮಾಡಿ, ಕೆಲಸ ಮುಗಿದ ತಕ್ಷಣ ಆಫ್ ಮಾಡಿ.

6. ದಾಳಿ ಆದ್ರೆ ಮಷೀನ್‌ನ ನೆಟ್‌ವರ್ಕ್ ಕೇಬಲ್ ಕೀಳಿ, ಪವರ್ ಆಫ್ ಮಾಡ್ಬೇಡಿ, ಗೊತ್ತಾದ 6 ಗಂಟೆ ಒಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ 2022ರ ಏಪ್ರಿಲ್‌ನ ನಿರ್ದೇಶನದಲ್ಲಿದೆ.

7. ಮುಂದಿನ ಮಷೀನ್ ಕೊಳ್ಳೋವಾಗ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ: ಎಎಂಸಿ ಇರೋವರೆಗೂ ಸೆಕ್ಯುರಿಟಿ ಪ್ಯಾಚ್ ಟೆಸ್ಟ್ ಮಾಡಿ ಕೊಡ್ಬೇಕು, ಎಷ್ಟು ದಿನದಲ್ಲಿ ಅಂತನೂ ಇರ್ಬೇಕು, ಒಳಗಿರೋ ಸಾಫ್ಟ್‌ವೇರ್‌ಗಳ ಪಟ್ಟಿನೂ ಕೊಡ್ಬೇಕು. ಅಮೆರಿಕದಲ್ಲಿ 2023ರ ಮಾರ್ಚ್‌ನಿಂದ ನೆಟ್‌ವರ್ಕ್‌ಗೆ ಸೇರೋ ಹೊಸ ಸಾಧನಗಳಿಗೆ ಅಪ್ರೂವಲ್ ಕೇಳೋವಾಗ ಪ್ಯಾಚ್ ಯೋಜನೆ, ಸಾಫ್ಟ್‌ವೇರ್ ಪಟ್ಟಿ ಎರಡನ್ನೂ ಕಾನೂನು ಪ್ರಕಾರ ಕೊಡ್ಲೇಬೇಕು, ಅದೇ ಮಾಡೆಲ್ ಇಲ್ಲಿ ಮಾರೋವಾಗ ನಮ್ಮ ಹತ್ರ ಇಲ್ಲ ಅನ್ನೋಕೆ ಅವ್ರಿಗೆ ಆಗಲ್ಲ. ಇದನ್ನ ಅಡ್ವಾನ್ಸ್ ಕೊಡೋ ಮೊದ್ಲೇ ಬರೆಸ್ಕೊಳ್ಳಿ.