ಬೇಟೆಗೆಂದು ಮೊದಲ ಸಾಂಪ್ರದಾಯಿಕ ಬಿಲ್ಲನ್ನು ಆರಿಸಿಕೊಳ್ಳುವ ಬಗೆ

ಅಮೆರಿಕದಲ್ಲಿ ನೆಲೆಸಿ, ಅಲ್ಲಿಯ ಶರತ್ಕಾಲದ ಜಿಂಕೆ ಬೇಟೆಗೆ ಬಂದೂಕಿನ ಬದಲು ಬಿಲ್ಲು ಹಿಡಿದು ಹೋಗಬೇಕೆಂದು ಬಯಸುವ ಕನ್ನಡಿಗರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವುದರಿಂದ ಇಲ್ಲಿ ಬೇಟೆಯ ಬಗ್ಗೆ ಹೇಳುವ ಯಾವ ಮಾತೂ ನಮ್ಮ ನಾಡಿನ ಕಾಡಿಗೆ ಅನ್ವಯಿಸುವುದಿಲ್ಲ; ಊರಿನಲ್ಲಿರುವವರಿಗೆ ಬಿಲ್ಲುಗಾರಿಕೆ ಗುರಿಹಲಗೆಯ ಕ್ರೀಡೆ ಮಾತ್ರ. ಅಮೆರಿಕದ ಪರಿಸ್ಥಿತಿ ಬೇರೆ. ವಿಸ್ಕಾನ್ಸಿನ್ ರಾಜ್ಯವು 1934ರಲ್ಲಿಯೇ ಬಿಲ್ಲುಗಾರರಿಗೆಂದು ಜಿಂಕೆ ಬೇಟೆಯ ಪ್ರತ್ಯೇಕ ಅವಧಿಯನ್ನು ತೆರೆಯಿತು, ಇಂದು ಎಲ್ಲ ರಾಜ್ಯಗಳಲ್ಲಿಯೂ ಪರವಾನಗಿ ಪಡೆದವರು ಬಿಲ್ಲಿನಿಂದ ಬೇಟೆಯಾಡಬಹುದು.

ಸಾಂಪ್ರದಾಯಿಕ ಬಿಲ್ಲು ಎಂದರೆ ಗಾಲಿಗಳಿಲ್ಲದ, ಸಾಮಾನ್ಯವಾಗಿ ಗುರಿಕಡ್ಡಿಯೂ ಇಲ್ಲದ, ಬೆರಳುಗಳಿಂದಲೇ ಹೆದೆಯನ್ನು ಸೆಳೆದು ಬಿಡುವ ಬಿಲ್ಲು. ಉದ್ದಕ್ಕೂ ಒಂದೇ ಬಾಗಿನ ಲಾಂಗ್‌ಬೋ ಮತ್ತು ತುದಿಗಳು ಹೊರಕ್ಕೆ ಬಾಗಿದ ರೀಕರ್ವ್ ಎಂಬ ಎರಡು ಬಗೆಗಳು ಇದರಲ್ಲಿ ಮುಖ್ಯ. ಇಂದು ಹೆಚ್ಚಿನ ಬೇಟೆಗಾರರ ಕೈಯಲ್ಲಿ ಕಾಣುವ ಕಾಂಪೌಂಡ್ ಬಿಲ್ಲಿಗೆ ಹಾಲೆಸ್ ವಿಲ್ಬರ್ ಆಲನ್ 1966ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿ 1969ರಲ್ಲಿ ಅದನ್ನು ಪಡೆದರು. ಕಾಂಪೌಂಡ್‌ನಲ್ಲಿ ಹೆದೆಯನ್ನು ಪೂರ್ತಿ ಸೆಳೆದಾಗ ಗಾಲಿಗಳ ರಚನೆಯಿಂದಾಗಿ ಭಾರದ ಬಹುಪಾಲು ಇಳಿದುಹೋಗುತ್ತದೆ. 70 ಪೌಂಡಿನ ಬಿಲ್ಲನ್ನು ಹಿಡಿದು ನಿಂತವನ ಬೆರಳಿಗೆ ತಾಗುವುದು 15–20 ಪೌಂಡು ಮಾತ್ರ. ರೀಕರ್ವ್‌ನಲ್ಲಿ ಇಂಥ ರಿಯಾಯಿತಿ ಇಲ್ಲ. ಸೆಳೆದಷ್ಟೂ ಭಾರ ಏರುತ್ತ ಹೋಗುತ್ತದೆ ಮತ್ತು ಗುರಿಯಿಡುವ ಕ್ಷಣದಲ್ಲಿಯೇ ಅದು ಅತ್ಯಂತ ಹೆಚ್ಚಾಗಿರುತ್ತದೆ. ಆದ್ದರಿಂದ ಕಾಂಪೌಂಡ್ ಬಳಸುವ ಗೆಳೆಯರು ಹೇಳುವ ತೂಕದ ಅಂಕಿಗಳನ್ನು ಆಧಾರವಾಗಿ ಇಟ್ಟುಕೊಂಡು ಅಂಗಡಿಗೆ ಹೋಗಬಾರದು.

ಬಿಲ್ಲನ್ನು ನೋಡುವುದಕ್ಕೆ ಮೊದಲು ನಿಮ್ಮ ಮೈಯ ಎರಡು ಸಂಗತಿಗಳು ನಿಮಗೆ ತಿಳಿದಿರಬೇಕು. ಮೊದಲನೆಯದು ಪ್ರಧಾನ ಕಣ್ಣು. ಎರಡೂ ಕೈಗಳನ್ನು ಮುಂದೆ ಚಾಚಿ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಸಣ್ಣ ಕಿಂಡಿಯೊಂದನ್ನು ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ಅದರೊಳಗಿಂದ ನೋಡಿ. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲಿಯೇ ಉಳಿಯುತ್ತದೆಯೋ ಅದೇ ಪ್ರಧಾನ ಕಣ್ಣು. ಬಲಗಣ್ಣು ಪ್ರಧಾನವಾಗಿದ್ದರೆ ಬಲಗೈ ಬಿಲ್ಲು, ಎಂದರೆ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹೆದೆ ಸೆಳೆಯುವ ಬಿಲ್ಲು ಬೇಕು. ಬಲಗೈ ರೂಢಿಯವರಿಗೆ ಎಡಗಣ್ಣು ಪ್ರಧಾನವಾಗಿರುವುದೂ ಉಂಟು. ಹೊಸದಾಗಿ ಕಲಿಯುವವರು ಕೈಗಿಂತ ಕಣ್ಣನ್ನು ಅನುಸರಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಗುರಿಕಡ್ಡಿಯಿಲ್ಲದ ಬಿಲ್ಲಿನಲ್ಲಿ ಬಾಣದ ದಿಕ್ಕನ್ನು ಕಾಣುವುದು ಆ ಕಣ್ಣೇ.

ಎರಡನೆಯದು ಸೆಳೆತದ ಉದ್ದ. ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಂತು, ಒಂದು ಕೈಯ ಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆದು, ಬಂದ ಅಂಗುಲಗಳನ್ನು 2.5ರಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ. ತೋಳಳತೆ 65 ಅಂಗುಲವಿದ್ದವರಿಗೆ ಅದು 26 ಅಂಗುಲ. ಬಿಲ್ಲುಗಳ ಮೇಲೆ ಬರೆದಿರುವ ತೂಕವನ್ನು 28 ಅಂಗುಲದ ಸೆಳೆತಕ್ಕೆ ಲೆಕ್ಕ ಹಾಕಿರುತ್ತಾರೆ, ಆ ಉದ್ದಕ್ಕಿಂತ ಒಂದು ಅಂಗುಲ ಕಡಿಮೆಯಾದರೆ ಸುಮಾರು 2ರಿಂದ 3 ಪೌಂಡು ಇಳಿಯುತ್ತದೆ, ಹೆಚ್ಚಾದರೆ ಅಷ್ಟೇ ಏರುತ್ತದೆ. ಹಾಗಾಗಿ 45 ಪೌಂಡು ಎಂದು ಬರೆದಿರುವ ಬಿಲ್ಲು 26 ಅಂಗುಲ ಸೆಳೆಯುವವರ ಕೈಯಲ್ಲಿ ಸುಮಾರು 40 ಪೌಂಡಿನದಾಗುತ್ತದೆ, 30 ಅಂಗುಲ ಸೆಳೆಯುವವರ ಕೈಯಲ್ಲಿ 50ರದಾಗುತ್ತದೆ. ಮುಂದಿನ ಎಲ್ಲ ಮಾತುಗಳಲ್ಲಿಯೂ ತೂಕ ಎಂದರೆ ನಿಮ್ಮ ಸೆಳೆತದಲ್ಲಿ ನಿಮ್ಮ ಬೆರಳಿಗೆ ಬರುವ ತೂಕವೆಂದೇ ತಿಳಿಯಬೇಕು.

ಈ ತೂಕದ ವಿಷಯದಲ್ಲಿಯೇ ಹೊಸಬರು ಹೆಚ್ಚಾಗಿ ಎಡವುತ್ತಾರೆ. ಮೈಯಲ್ಲಿ ಬಲವಿದೆ, ವ್ಯಾಯಾಮಶಾಲೆಯಲ್ಲಿ ಭಾರ ಎತ್ತುತ್ತೇನೆ, ಆದ್ದರಿಂದ 55 ಪೌಂಡಿನಿಂದಲೇ ಆರಂಭಿಸಬಹುದು ಎಂಬ ಲೆಕ್ಕ ಸರಿಯಲ್ಲ. ಬಿಲ್ಲನ್ನು ಸೆಳೆದು ಸ್ಥಿರವಾಗಿ ಹಿಡಿಯುವ ಕೆಲಸ ಮಾಡುವುದು ಭುಜಗಳ ಹಿಂದಿನ ಬೆನ್ನಿನ ಸ್ನಾಯುಗಳು. ದಿನನಿತ್ಯದ ಬೇರೆ ಯಾವ ಕೆಲಸದಲ್ಲಿಯೂ ಅವು ಈ ರೀತಿ ಪಳಗಿರುವುದಿಲ್ಲ. ಭಾರ ಮಿತಿ ಮೀರಿದರೆ ಹೆದೆಯ ಕೈ ಬಾಯಿಯ ಮೂಲೆಯನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ, ಬಿಲ್ಲು ಹಿಡಿದ ಭುಜ ಕಿವಿಯತ್ತ ಏರುತ್ತದೆ, ಗುರಿ ಕೂಡುವುದಕ್ಕೆ ಮುಂಚೆಯೇ ಬೆರಳುಗಳು ಹೆದೆಯನ್ನು ಬಿಟ್ಟುಬಿಡುತ್ತವೆ. ಹೀಗೆ ಅಂಟಿಕೊಂಡ ಅವಸರದ ಚಾಳಿಯನ್ನು ಬಿಡಿಸಲು ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಗುರಿಹಲಗೆಯ ಮುಂದೆ ಅದು ಅಂಕದ ನಷ್ಟ ಮಾತ್ರ. ಕಾಡಿನಲ್ಲಾದರೆ ಹೊಟ್ಟೆಗೋ ತೊಡೆಗೋ ಬಾಣ ನಾಟಿಸಿಕೊಂಡು ಓಡಿಹೋಗಿ ನರಳಿ ಸಾಯುವ ಜಿಂಕೆಯ ಸಂಕಟ. ಬೇಟೆಗಾರನಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ ಎಂದು ನಾನು ಮನಸಾರೆ ನಂಬಿದ್ದೇನೆ. ಹಗುರವಾದ ಬಿಲ್ಲಿನಿಂದ ಎದೆಗೂಡಿಗೆ ಸರಿಯಾಗಿ ಬಿದ್ದ ಚೂಪಾದ ಬಾಣವು ಭಾರವಾದ ಬಿಲ್ಲಿನಿಂದ ಒಂದು ಗೇಣು ಹಿಂದಕ್ಕೆ ಬಿದ್ದ ಬಾಣಕ್ಕಿಂತ ಎಷ್ಟೋ ಮೇಲು.

ಆದುದರಿಂದ ಸಾಮಾನ್ಯ ಮೈಕಟ್ಟಿನ ವಯಸ್ಕರು ಕಲಿಕೆಗೆ 30ರಿಂದ 35 ಪೌಂಡನ್ನೂ, ಕಲಿತ ಬಳಿಕ ಬಿಳಿಬಾಲದ ಜಿಂಕೆಯ ಬೇಟೆಗೆ 40ರಿಂದ 45 ಪೌಂಡನ್ನೂ ಇಟ್ಟುಕೊಳ್ಳುವುದು ಸೂಕ್ತ. ಮೈಯಲ್ಲಿ ಹಗುರವಾಗಿರುವವರು 25ರಿಂದಲೇ ಆರಂಭಿಸಿದರೂ ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ತೂಕ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಗುರಿಹಲಗೆಗೆ ಎದುರಾಗಿ ಕುರ್ಚಿಯಲ್ಲಿ ಕುಳಿತು, ಎರಡೂ ಪಾದಗಳನ್ನು ನೆಲದಿಂದ ತುಸು ಎತ್ತಿ, ಬಿಲ್ಲನ್ನು ಆಕಾಶದತ್ತ ಏರಿಸದೆ ನೇರವಾಗಿ, ನಿಧಾನವಾಗಿ ಹೆದೆಯನ್ನು ಬಾಯಿಯ ಮೂಲೆಯವರೆಗೆ ಸೆಳೆದು, ಐದು ಸೆಕೆಂಡು ಹಿಡಿದು, ಅಷ್ಟೇ ನಿಧಾನವಾಗಿ ಹಿಂದಕ್ಕೆ ಬಿಡಿ. ಕೈ ನಡುಗಿದರೆ ಅಥವಾ ಮೈ ತಿರುಚಿಕೊಂಡರೆ ಐದು ಪೌಂಡು ಕೆಳಗಿನದನ್ನು ಕೇಳಿ. ನವೆಂಬರಿನ ಚಳಿಯಲ್ಲಿ ದಪ್ಪ ಕೋಟು ತೊಟ್ಟು ಮರದ ಅಟ್ಟಣೆಯ ಮೇಲೆ ಗಂಟೆಗಟ್ಟಲೆ ಅಲುಗದೆ ಕುಳಿತವನು, ಸ್ನಾಯುಗಳು ಮರಗಟ್ಟಿರುವಾಗ, ಸದ್ದಿಲ್ಲದೆ ಸೆಳೆಯಬೇಕಾದ ಬಿಲ್ಲು ಇದು ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಟ್ಟುಕೊಳ್ಳಬೇಕು. ಬಾಣವಿಲ್ಲದೆ ಸೆಳೆದ ಹೆದೆಯನ್ನು ಎಂದಿಗೂ ಥಟ್ಟನೆ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಅದು ಸೀಳಿಹೋಗಬಹುದು.

ಕಾನೂನಿನ ಕನಿಷ್ಠ ತೂಕವನ್ನೂ ಮರೆಯುವಂತಿಲ್ಲ. ಜಿಂಕೆ ಬೇಟೆಗೆ ವಿಸ್ಕಾನ್ಸಿನ್ 30 ಪೌಂಡನ್ನು ನಿಗದಿ ಮಾಡಿದ್ದರೆ ಪೆನ್ಸಿಲ್ವೇನಿಯಾ 35 ಪೌಂಡನ್ನು ಕೇಳುತ್ತದೆ. ನ್ಯೂಯಾರ್ಕಿನಂಥ ಕೆಲವು ರಾಜ್ಯಗಳಲ್ಲಿ ಸಾಮಾನ್ಯ ಬೇಟೆ ಶಿಕ್ಷಣದ ಜೊತೆಗೆ ಬಿಲ್ಲಿನ ಬೇಟೆಯ ತರಗತಿಯನ್ನೂ ಮುಗಿಸಿರಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮ ಪುಸ್ತಿಕೆಯನ್ನು ನೋಡಿದ ನಂತರವೇ ಹಣ ಕೊಡಿ.

ಇನ್ನು ಬಗೆಯ ಆಯ್ಕೆ. ಲಾಂಗ್‌ಬೋ ಹಗುರ, ಸರಳ, ಸದ್ದು ಕಡಿಮೆ. ಆದರೆ ಬಿಟ್ಟಾಗ ಕೈಗೆ ತುಸು ಹೆಚ್ಚು ಅದುರು ಬರುತ್ತದೆ. ರೀಕರ್ವ್‌ನ ಹಿಡಿ ತೂಕವಾಗಿರುವುದರಿಂದ ಅದು ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಹೊರಕ್ಕೆ ಬಾಗಿದ ತುದಿಗಳು ಅದೇ ತೂಕದಲ್ಲಿ ತುಸು ಹೆಚ್ಚು ವೇಗವನ್ನು ಕೊಡುತ್ತವೆ. ರೀಕರ್ವ್‌ನಲ್ಲಿಯೂ ಒಂದೇ ತುಂಡಿನ ಬಿಲ್ಲುಗಳಿವೆ. ಫ್ರೆಡ್ ಬೇರ್ 1933ರಲ್ಲಿ ಮಿಚಿಗನ್ನಿನ ಡೆಟ್ರಾಯಿಟ್‌ನಲ್ಲಿ ಆರಂಭಿಸಿದ ಸಂಸ್ಥೆಯ 58 ಅಂಗುಲದ ಗ್ರಿಜ್ಲಿ ಇಂಥದ್ದು, ಬಹಳ ಚಂದದ ಬಿಲ್ಲು. ಆದರೂ ಮೊದಲ ಬಿಲ್ಲಾಗಿ ನಾನು ಸಲಹೆ ಮಾಡುವುದು ಬಿಚ್ಚಿ ಜೋಡಿಸಬಹುದಾದ ರೀಕರ್ವನ್ನು. ಅದರಲ್ಲಿ ನಡುವಿನ ಹಿಡಿ ಒಂದು ತುಂಡು, ಮೇಲಿನ ಮತ್ತು ಕೆಳಗಿನ ತೋಳುಗಳು ಎರಡು ತುಂಡು, ಅವನ್ನು ತಿರುಪುಗಳು ಬಿಗಿಹಿಡಿಯುತ್ತವೆ. 35 ಪೌಂಡಿನ ತೋಳುಗಳಲ್ಲಿ ಕಲಿತು, ಮೈ ಒಗ್ಗಿದ ಮೇಲೆ ಅದೇ ಹಿಡಿಗೆ 45ರ ತೋಳುಗಳನ್ನು ಕೂಡಿಸಬಹುದು. ಹೊಸ ಬಿಲ್ಲಿನ ಖರ್ಚಿಲ್ಲ, ಕೈಗೆ ರೂಢಿಯಾದ ಹಿಡಿಯೂ ಬದಲಾಗುವುದಿಲ್ಲ. 62 ಅಂಗುಲದ ಸಾಮಿಕ್ ಸೇಜ್ ಎಂಬ ಮಾದರಿ ಈ ಕಾರಣಕ್ಕಾಗಿಯೇ ಹೊಸಬರಲ್ಲಿ ಜನಪ್ರಿಯವಾಯಿತು. ಹೆಚ್ಚು ಹಣವಿದ್ದರೆ ಐಎಲ್‌ಎಫ್ ಎಂಬ ಜೋಡಣೆಯ ಹಿಡಿಯನ್ನು ಕೊಳ್ಳಬಹುದು. ಆ ಅಳತೆಯನ್ನು ಪಾಲಿಸುವ ಬೇರೆ ಬೇರೆ ತಯಾರಕರ ತೋಳುಗಳು ಅದಕ್ಕೆ ಕೂರುತ್ತವೆ, ತೂಕವನ್ನು ಒಂದೆರಡು ಪೌಂಡಿನಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳಲೂ ಬರುತ್ತದೆ.

ಉದ್ದದ ವಿಷಯ ಸುಲಭ. ಗಿಡ್ಡ ಬಿಲ್ಲು ಪೊದೆಯಲ್ಲಿಯೂ ಮರೆಗುಡಾರದಲ್ಲಿಯೂ ಸಿಕ್ಕಿಕೊಳ್ಳದೆ ಆಡುತ್ತದೆ, ಆದರೆ ಸೆಳೆತ ಉದ್ದವಿದ್ದವರ ಬೆರಳುಗಳನ್ನು ಹೆದೆ ಹಿಂಡುತ್ತದೆ ಮತ್ತು ಕೊನೆಯ ಅಂಗುಲಗಳಲ್ಲಿ ಭಾರ ದಿಢೀರನೆ ಏರುತ್ತದೆ. 27 ಅಂಗುಲದವರೆಗಿನ ಸೆಳೆತಕ್ಕೆ 58ರಿಂದ 60, ಅದಕ್ಕಿಂತ ಹೆಚ್ಚಿದ್ದರೆ 62 ಅಥವಾ 64 ಅಂಗುಲದ ರೀಕರ್ವ್ ಹೊಂದುತ್ತದೆ.

ಹಣವನ್ನೆಲ್ಲ ಬಿಲ್ಲಿಗೇ ಸುರಿಯಬೇಡಿ. ಪ್ರಾಣಿಯನ್ನು ಮುಟ್ಟುವುದು ಬಾಣ. ಬೇಟೆಯ ಬಾಣವು ಬಿಲ್ಲಿನ ಪ್ರತಿ ಪೌಂಡಿಗೆ 9ರಿಂದ 10 ಗ್ರೇನ್ ತೂಗಬೇಕೆಂಬುದು ಒಳ್ಳೆಯ ರೂಢಿ. 40 ಪೌಂಡಿನ ಬಿಲ್ಲಿಗೆ 400 ಗ್ರೇನ್, ಎಂದರೆ ಸುಮಾರು 26 ಗ್ರಾಂ. ತೀರಾ ಹಗುರವಾದ ಬಾಣ ವೇಗವಾಗಿ ಹೋದರೂ ಆಳಕ್ಕೆ ಇಳಿಯುವುದಿಲ್ಲ, ಬಿಲ್ಲಿಗೂ ಹಾನಿ. ಬಾಣದ ಮೇಲೆ 500 ಅಥವಾ 600 ಎಂದು ಬರೆದಿರುವುದು ಅದರ ಬಿಗುವಿನ ಅಂಕಿ. 28 ಅಂಗುಲ ಅಂತರದ ಎರಡು ಆಸರೆಗಳ ಮೇಲೆ ಬಾಣವನ್ನಿಟ್ಟು ನಡುವೆ 1.94 ಪೌಂಡು ತೂಗುಹಾಕಿದಾಗ ಅದು ಅರ್ಧ ಅಂಗುಲ ಬಾಗಿದರೆ 500 ಎನ್ನುತ್ತಾರೆ. ಅಂಕಿ ಹೆಚ್ಚಿದಷ್ಟೂ ಬಾಣ ಮೆದು, ಹಗುರ ಬಿಲ್ಲಿಗೆ ಮೆದು ಬಾಣ. ಬಿಲ್ಲಿನ ಅಂಚಿನ ಮೇಲೆಯೇ ಬಾಣವನ್ನಿಟ್ಟು ಬಿಡುವವರು ಪ್ಲಾಸ್ಟಿಕ್ ರೆಕ್ಕೆಗಳ ಬದಲು ಹಕ್ಕಿಯ ಗರಿಗಳಿರುವ ಬಾಣಗಳನ್ನೇ ಕೊಳ್ಳಬೇಕು, ಏಕೆಂದರೆ ಗರಿ ಅಂಚಿಗೆ ತಾಗಿದಾಗ ಮಡಚಿಕೊಂಡು ಸಾಗುತ್ತದೆ. ತುದಿಗೆ ಎರಡು ಅಲಗಿನ, ಕದಲದ ಬ್ರಾಡ್‌ಹೆಡ್ ಎಂಬ ಬೇಟೆಯ ಮೊನೆ ಇರಲಿ, ಅದು ಕ್ಷೌರದ ಕತ್ತಿಯಷ್ಟು ಹರಿತವಾಗಿರಲಿ. ತಾಗಿದಾಗ ಬಿಚ್ಚಿಕೊಳ್ಳುವ ಬಗೆಯ ಬ್ರಾಡ್‌ಹೆಡ್‌ಗಳು ತೆರೆಯುವುದಕ್ಕೇ ಶಕ್ತಿಯನ್ನು ತಿನ್ನುವುದರಿಂದ 40 ಪೌಂಡಿನ ಬಿಲ್ಲಿಗೆ ಅವು ಸಲ್ಲವು.

ಹಳೆಯ ಬಿಲ್ಲು ಅಗ್ಗವಾಗಿ ಸಿಕ್ಕಿದರೆ ಬೇಡವೆನ್ನಬೇಕಾಗಿಲ್ಲ, ಪರೀಕ್ಷಿಸದೆ ಮಾತ್ರ ಕೊಳ್ಳಬಾರದು. ಹೆದೆಯೇರಿಸಿದ ಬಿಲ್ಲನ್ನು ಹೆದೆಯ ಕಡೆಯಿಂದ ಉದ್ದಕ್ಕೆ ನೋಡಿದಾಗ ಹೆದೆಯು ಎರಡೂ ತೋಳುಗಳ ನಟ್ಟನಡುವೆ ಹಾಯಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ತೋಳು ತಿರುಚಿದೆ ಎಂದರ್ಥ. ತೋಳಿನ ಅಂಚುಗಳ ಮೇಲೆ ಹತ್ತಿಯ ಉಂಡೆಯನ್ನು ಎಳೆದರೆ ಬಿರುಕಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಪದರಗಳು ಬಿಟ್ಟುಕೊಂಡಿರುವ ಬಿಲ್ಲನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ. 1960–70ರ ದಶಕದ ಬಿಲ್ಲುಗಳಿಗೆ ತುಸು ಹಿಗ್ಗುವ ಡೇಕ್ರಾನ್ ಹೆದೆಯನ್ನೇ ಹಾಕಬೇಕು. ಹಿಗ್ಗದ ಹೊಸ ಬಗೆಯ ಹೆದೆ ಅವುಗಳ ತುದಿಯನ್ನು ಸೀಳಬಲ್ಲದು.

ಬಿಲ್ಲಿನ ಜೊತೆಗೆ ಹೆದೆಯೇರಿಸುವ ಹಗ್ಗ, ಬೆರಳಿನ ಕವಚ ಮತ್ತು ಮುಂಗೈ ಪಟ್ಟಿಯನ್ನು ಕೊಂಡುಕೊಳ್ಳಿ. ಕಾಲಿನ ನಡುವೆ ಬಿಲ್ಲನ್ನು ತೂರಿಸಿ ಬಗ್ಗಿಸಿ ಹೆದೆಯೇರಿಸುವ ಹಳೆಯ ಅಭ್ಯಾಸದಿಂದಲೇ ಎಷ್ಟೋ ರೀಕರ್ವ್‌ಗಳ ತೋಳುಗಳು ತಿರುಚಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಲ್ಲನ್ನು ಬಿಡಬೇಡಿ, ಬಿಸಿಗೆ ಪದರಗಳ ಅಂಟು ಸಡಿಲಗೊಳ್ಳುತ್ತದೆ.

ಬೇಟೆಯ ತೋಳುಗಳಿಗೆ ಯಾವಾಗ ಬದಲಾಯಿಸಬೇಕೆಂಬುದಕ್ಕೆ ಒಂದು ನೇರವಾದ ಅಳತೆಯಿದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಊಟದ ಕಾಗದದ ತಟ್ಟೆಯಷ್ಟು ಅಗಲವೆಂದು ಇಟ್ಟುಕೊಳ್ಳಬಹುದು. 15 ಗಜದಿಂದ, ಬಳಿಕ 20 ಗಜದಿಂದ, ಅಭ್ಯಾಸದ ಮೊದಲ ಬಾಣವೇ ದಿನವೂ ಆ ತಟ್ಟೆಗೆ ಬೀಳುವವರೆಗೆ ಹಗುರ ತೋಳುಗಳಲ್ಲಿಯೇ ಇರಿ. ಕಾಡಿನಲ್ಲಿ ಕೈ ಕಾಯಿಸಿಕೊಳ್ಳಲು ಎರಡನೆಯ ಬಾಣದ ಅವಕಾಶ ಸಿಗುವುದು ಅಪರೂಪ. ತೋಳು ಬದಲಾದಾಗ ಬಾಣದ ಬಿಗುವಿನ ಲೆಕ್ಕವೂ ಬದಲಾಗುವುದರಿಂದ ಋತು ತೆರೆಯುವುದಕ್ಕೆ ಕೆಲವು ತಿಂಗಳ ಮೊದಲೇ ಈ ಕೆಲಸವನ್ನು ಮಾಡಿಕೊಂಡು, ಹೊಸ ತೋಳಿಗೆ ಬಾಣಗಳನ್ನು ಮತ್ತೆ ಹೊಂದಿಸಿ, ಅಭ್ಯಾಸದ ತುದಿ ಮತ್ತು ಬ್ರಾಡ್‌ಹೆಡ್ ಎರಡೂ ಒಂದೇ ತೂಕದವಾಗಿದ್ದು ಒಂದೇ ಕಡೆ ಬೀಳುತ್ತವೆಯೇ ಎಂದು ನೋಡಿಕೊಳ್ಳಬೇಕು.