ಸೆಖೆಗೆ ಎಷ್ಟು ಸೆಕೆಂಡ್, ಎತ್ತರಕ್ಕೆ ಎಷ್ಟು? ಓಟದ ಪೇಸ್ ಲೆಕ್ಕ

ತಂಪು ಹೊತ್ತಿನಲ್ಲಿ ಕಿಲೋಮೀಟರಿಗೆ 6 ನಿಮಿಷದಂತೆ ಆರಾಮಾಗಿ ಓಡುವವರು, ಸೆಖೆಯ ದಿನವೂ ಅದೇ ಪೇಸ್ ಹಿಡಿಯಲು ಹೋಗಿ ಅರ್ಧ ದಾರಿಯಲ್ಲೇ ಕೈಚೆಲ್ಲುತ್ತಾರೆ. ಗುಡ್ಡಗಾಡಿನ ಊರಿಗೆ ಹೋದಾಗಲೂ ಅದೇ ಕಥೆ. ವಾಚ್ ನೋಡಿ ಬೇಜಾರಾಗುವ ಮೊದಲು ಸ್ವಲ್ಪ ಲೆಕ್ಕ ಹಾಕಿ.

ಮೊದಲು ನಿಮ್ಮ ಮೂಲ ಪೇಸ್ ಗೊತ್ತುಮಾಡಿಕೊಳ್ಳಿ. ದೂರದ ಓಟಕ್ಕೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹವೆ ಹೇಳಿ ಮಾಡಿಸಿದ್ದು. ಅಷ್ಟು ತಂಪು ಸಿಗದಿದ್ದರೆ ನಿಮಗೆ ಸಿಕ್ಕ ಅತಿ ತಂಪಿನ ದಿನದ ಓಟವನ್ನೇ ಅಳತೆಗೆ ಇಟ್ಟುಕೊಳ್ಳಿ.

ಆಮೇಲೆ ಸೆಖೆ. ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಶಾಖವಾಗುತ್ತದೆ. ಅದನ್ನು ಹೊರಹಾಕಲು ರಕ್ತ ಚರ್ಮದ ಕಡೆ ಹರಿಯಬೇಕು. ಸ್ನಾಯುಗಳಿಗೂ ಅದೇ ರಕ್ತ ಬೇಕು. ಹಾಗಾಗಿ ಅದೇ ಪೇಸಿಗೆ ಹೃದಯ ಜಾಸ್ತಿ ಬಡಿಯುತ್ತದೆ. ಬೆವರು ಸುರಿದರೆ ಸಾಲದು, ಆರಬೇಕು. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆರುವುದಿಲ್ಲ. ಆದ್ದರಿಂದ ಉಷ್ಣಾಂಶ ಒಂದನ್ನೇ ನೋಡಬೇಡಿ. ಹವಾಮಾನದ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ ಕೂಡ ಇರುತ್ತದೆ, ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಇಳಿಯುವ ಉಷ್ಣಾಂಶ; ಅದು ಹೆಚ್ಚಿದ್ದಷ್ಟೂ ತೇವ ಹೆಚ್ಚು. ಎರಡನ್ನೂ ಸೆಲ್ಸಿಯಸ್‌ನಲ್ಲೇ ಕೂಡಿಸಿ.

ಓಟಗಾರರು ಬಳಸುವ ಒಂದು ಅಂದಾಜು ಹೀಗಿದೆ. ಮೊತ್ತ 20ರೊಳಗಿದ್ದರೆ ಪೇಸ್ ಬದಲಿಸಬೇಕಿಲ್ಲ. 40ರ ಹತ್ತಿರವಾದರೆ ಶೇ 2ರಿಂದ 3ರಷ್ಟು, 50 ಆದರೆ ಶೇ 5ರಷ್ಟು ನಿಧಾನಿಸಿ. 65 ದಾಟಿದರೆ ಜೋರು ಓಟ ಬೇಡವೇ ಬೇಡ. ಉಷ್ಣಾಂಶ 28, ಡ್ಯೂ ಪಾಯಿಂಟ್ 22 ಅಂದುಕೊಳ್ಳಿ. ನಿಮ್ಮ 6 ನಿಮಿಷ ಆಗ 6 ನಿಮಿಷ 18 ಸೆಕೆಂಡ್ ಆಗುತ್ತದೆ. ಬಿಸಿಲು ನೇರ ನೆತ್ತಿಗೆ ಬಿದ್ದರೆ ಇನ್ನಷ್ಟು ಬಿಟ್ಟುಕೊಡಿ. ಸೂರ್ಯ ಮುಳುಗಿದರೆ ಸಾಕು ಅಂದುಕೊಳ್ಳಬೇಡಿ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಮ್ಯಾರಥಾನ್ ಶುರುವಾದದ್ದು ನಡುರಾತ್ರಿ. ಆದರೂ 68 ಮಂದಿಯಲ್ಲಿ 28 ಮಂದಿ ಓಟ ಮುಗಿಸಲಿಲ್ಲ.

ಎತ್ತರದ ಲೆಕ್ಕ ಬೇರೆ. ಮೇಲೆಯೂ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟೇ ಇರುತ್ತದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ರಕ್ತಕ್ಕೆ ಸೇರುವುದು ಕಡಿಮೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ಸಿಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ 10,000 ಮೀಟರ್ ಗೆದ್ದ ಕೆನ್ಯಾದ ನಫ್ತಾಲಿ ಟೆಮು ತೆಗೆದುಕೊಂಡದ್ದು 29 ನಿಮಿಷ 27 ಸೆಕೆಂಡ್. ಆಗಿನ ವಿಶ್ವದಾಖಲೆ 27 ನಿಮಿಷ 39 ಸೆಕೆಂಡ್. ಆ ದಾಖಲೆಯ ಒಡೆಯ ರಾನ್ ಕ್ಲಾರ್ಕ್ ಆರನೆಯವರಾಗಿ ಬಂದು ಅಲ್ಲೇ ಕುಸಿದರು. ಗೆಲ್ಲುವ ಓಟದಲ್ಲಿ ತಂತ್ರವೂ ಇರುತ್ತದೆ, ನಿಜ. ಆದರೂ ಒಂದೂಮುಕ್ಕಾಲು ನಿಮಿಷ ಸುಮ್ನೆ ಕಳೆದುಹೋಗುವುದಿಲ್ಲ ಅಲ್ವಾ? ಅದೇ ಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದು ವಿಶ್ವದಾಖಲೆ ಮಾಡಿದರು. ತೆಳುಗಾಳಿ ಜಿಗಿಯುವವರಿಗೂ ಕಿರು ಓಟದವರಿಗೂ ಲಾಭ, ದೂರದ ಓಟದವರಿಗೆ ನಷ್ಟ.

ಸೆಖೆ ಕಿಲೋಮೀಟರ್ ಕಳೆದಂತೆ ಏರುತ್ತಾ ಹೋಗುತ್ತದೆ. ಮೊದಲ ಅರ್ಧ ಗಂಟೆ ಏನೂ ಗೊತ್ತಾಗದೆ ಮೋಸ ಹೋಗುವುದು ಇಲ್ಲೇ. ಎತ್ತರ ಹಾಗಲ್ಲ, ಮೊದಲ ಹೆಜ್ಜೆಯಿಂದಲೇ ಇರುತ್ತದೆ. ವೇಗ ಹೆಚ್ಚಿಸಿದರೆ ಸಾಕು, ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಸೆಖೆಯಲ್ಲಿ ಆರಂಭದಲ್ಲೇ ಪೇಸ್ ಇಳಿಸಿ. ಎತ್ತರದಲ್ಲಿ ವಾಚ್ ಮರೆತು ಉಸಿರು ನೋಡಿ ಓಡಿ: ನಿಧಾನದ ಓಟದಲ್ಲಿ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಇಂಟರ್‌ವಲ್‌ಗಳ (ಬಿಡುವು ಕೊಟ್ಟು ಕೊಟ್ಟು ಓಡುವ ಜೋರು ಓಟಗಳ) ನಡುವಿನ ವಿರಾಮ ಉದ್ದ ಮಾಡಿ.

ದೇಹ ಹೊಂದಿಕೊಳ್ಳುತ್ತದೆ, ಆದರೆ ಸಮಯ ಕೊಡಬೇಕು. ಸೆಖೆಗೆ ಹತ್ತರಿಂದ ಹದಿನಾಲ್ಕು ದಿನ ಸಾಕು. ಎತ್ತರಕ್ಕೆ ಮೂರು–ನಾಲ್ಕು ವಾರ ಬೇಕು, ಹೊಸ ಕೆಂಪು ರಕ್ತಕಣಗಳು ಹುಟ್ಟಬೇಕಲ್ಲ.

ಓಡುತ್ತಿದ್ದಾಗ ಸೆಖೆಯಲ್ಲೂ ಚಳಿಯಾದಂತೆ ಅನಿಸಿದರೆ ಅಥವಾ ಮಾತು ತೊದಲಿದರೆ ತಕ್ಷಣ ನಿಲ್ಲಿಸಿ. ಜೊತೆಯವರಿಗೆ ಮಂಕು ಕವಿದರೆ ಆಸ್ಪತ್ರೆಗೆ ಫೋನ್ ಮಾಡಿ, ಗಾಡಿ ಬರುವವರೆಗೂ ಮೈಗೆಲ್ಲ ತಣ್ಣೀರು ಸುರಿಯುತ್ತಿರಿ. ಎತ್ತರದಲ್ಲಿ ತಲೆನೋವಿನ ಜೊತೆ ವಾಂತಿಯೂ ಬಂದರೆ ಆ ದಿನ ಓಟ ಬೇಡ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ.