ವಿಮಾನದ ಭಯ: ನನಗೆ ಉಪಯೋಗಕ್ಕೆ ಬಂದದ್ದು

ಗಾಬರಿ ಜೋರಾಗುವುದು ಟೇಕಾಫ್ ಆದ ಮೊದಲ ಒಂದೆರಡು ನಿಮಿಷದಲ್ಲಿ. ಚಕ್ರಗಳು ಒಳಗೆ ಮಡಚಿಕೊಳ್ಳುವಾಗ ದಡ್ ಎಂಬ ಸದ್ದು, ಆಮೇಲೆ ಎಂಜಿನ್ ಶಬ್ದ ತಗ್ಗಿ ವಿಮಾನ ಕೆಳಗಿಳಿದಂತೆ ಅನಿಸುತ್ತದೆ. ಇಳಿದಿರುವುದಿಲ್ಲ, ಏರುವ ವೇಗ ತುಸು ಕಡಿಮೆಯಾಗಿರುತ್ತದೆ, ಒಳಗಿವಿಗೆ ಅದೇ ಕುಸಿತದಂತೆ ತೋರುತ್ತದೆ. ಇದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋದಂತೆ.

ಸೀಟು ರೆಕ್ಕೆಯ ಹತ್ತಿರ ತೆಗೆದುಕೊಳ್ಳಿ. ಬಾಲದ ಕಡೆ ಕುಲುಕಾಟ ಹೆಚ್ಚು.

ಇನ್ನು ಉಸಿರು. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಸಾಮಾನ್ಯವಾಗಿ ಆಮ್ಲಜನಕ ಸಾಲದೆ ಅಲ್ಲ. ಬೇಗ ಬೇಗ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದದ್ದರಿಂದ. ಹಾಗಾಗಿ ‘ಜೋರಾಗಿ ಉಸಿರೆಳೆದುಕೋ’ ಎಂಬ ಸಲಹೆ (ಎಲ್ಲರೂ ಕೊಡುವುದು ಇದನ್ನೇ) ಉಲ್ಟಾ ಹೊಡೆಯುತ್ತದೆ. ಮೂಗಿನಿಂದ 4 ಎಣಿಸುವಷ್ಟು ಮೆಲ್ಲಗೆ ಒಳಗೆ, ತುಟಿ ಕಿರಿದು ಮಾಡಿ 6 ಎಣಿಸುವಷ್ಟು ಹೊರಗೆ, ಹೀಗೆ 5 ನಿಮಿಷ. ಪ್ರಯಾಣಕ್ಕೆ ಎರಡು ವಾರ ಮುಂಚಿನಿಂದಲೇ ದಿನಾ ರೂಢಿ ಮಾಡಿ. ಎದೆ ಹೊಡೆದುಕೊಳ್ಳುವಾಗ ಹೊಸದಾಗಿ ಕಲಿಯಲು ಆಗುವುದಿಲ್ಲ.

ಹತ್ತುವ ಮುಂಚೆ ಕಾಫಿ ಬೇಡ, ಎದೆಬಡಿತ ಏರಿಸುತ್ತದೆ. ಮಾತ್ರೆ ಬೇಕೆನಿಸಿದರೆ ವೈದ್ಯರನ್ನೇ ಕೇಳಿ; ಅದರ ಜೊತೆ ಮದ್ಯ ಮಾತ್ರ ಸೇರಿಸಲೇಬೇಡಿ, ಉಸಿರಾಟಕ್ಕೇ ಅಪಾಯ.